ನೀಟ್‌ನಲ್ಲಿ 380 ಬಂದಿದೆ, ಮನೆ ಡೊಂಬಿವಲಿ, ಎಂಬಿಬಿಎಸ್ ಸಿಗುತ್ತದಾ?

ಮೂಲ ಉಡುಪಿ ಕಡೆ, ಮಗಳು ಹುಟ್ಟಿ ಓದಿದ್ದೆಲ್ಲ ಮುಂಬೈ ಹತ್ತಿರದ ಡೊಂಬಿವಲಿ, ನೀಟ್‌ನಲ್ಲಿ 720ಕ್ಕೆ 380 ಅಂತ ಬರೆದಿದ್ದೀರಿ. ಐದು ಲಕ್ಷ ಅಡ್ವಾನ್ಸ್ ಕೊಟ್ಟರೆ ಕರ್ನಾಟಕದಲ್ಲಿ ಮ್ಯಾನೇಜ್‌ಮೆಂಟ್ ಸೀಟು ಮಾಡಿಸುತ್ತೇನೆ ಅಂದ ಏಜೆಂಟನ ಮಾತು ನಂಬಬಹುದಾ ಅಂತಲೂ ಕೇಳಿದ್ದೀರಿ. ಮೊದಲು ಅದಕ್ಕೇ ಉತ್ತರ. ದಯವಿಟ್ಟು ಒಂದು ರೂಪಾಯಿನೂ ಕೊಡಬೇಡಿ. ಈಗ ಮ್ಯಾನೇಜ್‌ಮೆಂಟ್ ಸೀಟು ಕೂಡ ಕೌನ್ಸೆಲಿಂಗ್‌ನಲ್ಲೇ ಹಂಚುವುದು. ಕರ್ನಾಟಕದ್ದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ), ಮಹಾರಾಷ್ಟ್ರದ್ದು ಅಲ್ಲಿನ ಸರ್ಕಾರದ ಸಿಇಟಿ ಸೆಲ್, ಡೀಮ್ಡ್ ಅಂದರೆ ವಿಶ್ವವಿದ್ಯಾಲಯದ ಮಾನ್ಯತೆ ಇರುವ ಕಾಲೇಜುಗಳದ್ದು ಕೇಂದ್ರದ ಎಂಸಿಸಿ ನಡೆಸುತ್ತವೆ. ಮಧ್ಯೆ ಇವನಿಗೇನು ಕೆಲಸ?

380 ಕಮ್ಮಿನಾ ಅನ್ನೋದು ಆ ವರ್ಷದ ಪೇಪರ್ ಮೇಲೆ ಹೋಗುತ್ತದೆ. ಜನರಲ್ ಕಟ್‌ಆಫ್ 2024ರಲ್ಲಿ 162 ಇತ್ತು, 2025ರಲ್ಲಿ 144ಕ್ಕೆ ಇಳಿಯಿತು. ಅದೂ ಬರೀ ಪಾಸಾಗುವ ಮಾರ್ಕು, ಸೀಟು ಸಿಗುವುದು ಅದಕ್ಕಿಂತ ಎಷ್ಟೋ ಮೇಲೆ. ಹಾಗಾಗಿ ಮಾರ್ಕ್ಸ್ ಬಿಡಿ, ರ‍್ಯಾಂಕ್ ಹಿಡಿದು ಹೋದ ವರ್ಷದ ಸೀಟು ಹಂಚಿಕೆ ಪಟ್ಟಿ ನೋಡಿ. ಕೊನೆಯ ರೌಂಡಿನದ್ದನ್ನೂ ನೋಡಿ.

ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದ ನಮ್ಮಂಥವರಿಗೆ ನಿಜವಾದ ತಲೆನೋವು ಕಾಗದಪತ್ರದ್ದು. ಹತ್ತನೇ, ಹನ್ನೆರಡನೇ ಎರಡೂ ಮಹಾರಾಷ್ಟ್ರದಲ್ಲೇ ಆಗಿ, ಡೊಮಿಸೈಲ್ (ಇಲ್ಲಿನ ನಿವಾಸಿ ಅನ್ನುವ ಸರ್ಟಿಫಿಕೇಟ್) ಇದ್ದರೆ ಇಲ್ಲಿ ರಾಜ್ಯದವರಿಗಿರುವ 85% ಕೋಟಾದಲ್ಲಿ ಮಗಳು ನಿಲ್ಲಬಹುದು. ಅದು ದೊಡ್ಡ ಬಲ. ಆದರೆ ಜಾತಿ ಸರ್ಟಿಫಿಕೇಟ್ ಬೇರೆ ಕಥೆ. ನಮ್ಮಣ್ಣನ ಮಗನ ಅಡ್ಮಿಷನ್‌ಗೆ ನಾನೇ ಓಡಾಡಿದ್ದು. ಸರ್ಟಿಫಿಕೇಟ್ ಅರ್ಜಿ ತೆಗೆದುಕೊಳ್ಳುವ ಸೇತು ಕೇಂದ್ರದ ಕೌಂಟರ್‌ನಲ್ಲಿದ್ದವರು ಅಣ್ಣನ ಲೀವಿಂಗ್ ಸರ್ಟಿಫಿಕೇಟ್, ಹಳೇ ರೇಷನ್ ಕಾರ್ಡ್ ಎಲ್ಲ ತಿರುವಿ ಹಾಕಿ, "1967ರ ಹಿಂದಿನದು ಏನಾದರೂ ಇದೆಯಾ?" ಅಂದರು. ಅಪ್ಪ ಹೋಟೆಲ್ ಕೆಲಸಕ್ಕೆ ಮುಂಬೈಯ ಮಾಟುಂಗಕ್ಕೆ ಬಂದಿದ್ದೇ 1972ರಲ್ಲಿ, ಎಲ್ಲಿಂದ ತರೋದು? ಇಲ್ಲಿ ಒಬಿಸಿ ಅನ್ನಿಸಿಕೊಳ್ಳಬೇಕಾದರೆ 13 ಅಕ್ಟೋಬರ್ 1967ಕ್ಕೆ ಮೊದಲೇ ಕುಟುಂಬ ಮಹಾರಾಷ್ಟ್ರದಲ್ಲಿ ಇತ್ತು ಅಂತ ತೋರಿಸಬೇಕು. ಎಸ್‌ಸಿ ಆದರೆ 10 ಆಗಸ್ಟ್ 1950. ಇಲ್ಲದಿದ್ದರೆ ರಾಜ್ಯದ ಲೆಕ್ಕದಲ್ಲಿ ಓಪನ್ನೇ, ಅಂದರೆ ಮೀಸಲಾತಿ ಇಲ್ಲ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ಮಕ್ಕಳಿಗೆ ಇದು ಅನ್ಯಾಯ ಅಂತಲೇ ನನಗೆ ಅನಿಸುತ್ತದೆ. ಆದರೆ 15% ಆಲ್ ಇಂಡಿಯಾ ಕೋಟಾದಲ್ಲಿ ನಡೆಯುವುದು ಕೇಂದ್ರದ ಒಬಿಸಿ ಪಟ್ಟಿ. ಅದರಲ್ಲಿ ನಿಮ್ಮ ಜಾತಿ ಕರ್ನಾಟಕದ ಹೆಸರಲ್ಲಿ ಇದ್ದರೆ ಕೇಂದ್ರದ ನಮೂನೆಯ ಸರ್ಟಿಫಿಕೇಟ್ ಮಾಡಿಸಿಡಿ.

ಊರು ಉಡುಪಿ ಅಂದ ಮಾತ್ರಕ್ಕೆ ಕರ್ನಾಟಕದ ಸರ್ಕಾರಿ ಸೀಟು ಬರುವುದಿಲ್ಲ. ಕೆಇಎ ಪುಸ್ತಕದಲ್ಲಿ ಅರ್ಹತೆಯ ಕಲಮುಗಳನ್ನು ಒಂದೊಂದಾಗಿ ಓದಿ, ನಿಮಗೆ ಯಾವುದಾದರೂ ಹೊಂದುತ್ತದಾ ನೋಡಿ.

ಡೀಮ್ಡ್ ಕಾಲೇಜಿಗೆ ಈ ಮಾರ್ಕ್ಸ್ ಸಾಕಾಗಬಹುದು, ಆದರೆ ಎಷ್ಟೋ ಕಡೆ ವರ್ಷಕ್ಕೆ ಇಪ್ಪತ್ತು ಲಕ್ಷ ದಾಟುತ್ತದೆ. ಮನೆ ಅಡವಿಟ್ಟು ಹೋಗಬೇಡಿ. ವಿದೇಶ ಅಂದರೆ ಕೋರ್ಸ್ ಕನಿಷ್ಠ 54 ತಿಂಗಳು, ಇಂಗ್ಲಿಷ್‌ನಲ್ಲೇ ಪಾಠ, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಇರಬೇಕು, ವಾಪಸ್ ಬಂದ ಮೇಲೆ ಇಲ್ಲಿನ ಪರೀಕ್ಷೆಯನ್ನೂ ಪಾಸ್ ಮಾಡಬೇಕು. ಮಗಳಿಗೆ ಇಷ್ಟವಿದ್ದರೆ ಇದೇ ನೀಟ್ ರ‍್ಯಾಂಕ್ ಮೇಲೆ ಬಿಎಎಂಎಸ್‌ (ಆಯುರ್ವೇದ ಪದವಿ)ಗೂ ಅರ್ಜಿ ಹಾಕಿ. ಇಷ್ಟ ಇಲ್ಲದಿದ್ದರೆ ಒತ್ತಾಯ ಮಾಡಬೇಡಿ. ಡೊಮಿಸೈಲ್ ಇನ್ನೂ ಮಾಡಿಸಿಲ್ಲ ಅಂದರೆ ನಾಳೆಯೇ ಹೋಗಿ, ರಿಸಲ್ಟ್ ಬಂದ ಮೇಲೆ ಅಲ್ಲಿ ಕ್ಯೂ ಜಾಸ್ತಿ.