ಶಿವದಾರ, ತಕ್ಕಡಿ ಮತ್ತು ಅವ್ವನ ನೋಟ್‌ಬುಕ್ಕು

ನೇಕಾರರಂಥ ದುಡಿಯುವ ಮನೆಯಲ್ಲಿ, ಅದರಲ್ಲೂ ನೇಮನಿಷ್ಠೆಯ ಮನೆಯಲ್ಲಿ ಬೆಳೆದವರ ಬಾಲ್ಯ ಹೇಗಿತ್ತು, ಆ ಭಕ್ತಿ ಬಡತನವನ್ನು ಹಗುರ ಮಾಡಿತೇ ಅಥವಾ ಅದನ್ನು ಬಾಯಿಮುಚ್ಚಿ ಸಹಿಸಿಕೊಳ್ಳುವುದನ್ನು ಕಲಿಸಿತೇ ಎಂದು ನೀವು ಕೇಳಿದ್ದೀರಿ. ನಾನು ಇಳಕಲ್ಲಿನವಳು. ಹುಟ್ಟಿದ್ದು 1975ರಲ್ಲಿ, ಆಗ ನಮ್ಮೂರು ವಿಜಾಪುರ ಜಿಲ್ಲೆಗೆ ಸೇರಿತ್ತು, ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಪ್ಪ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು, ಅವ್ವ ಮಗ್ಗದ ಹೊರಗಿನ ಕೆಲಸವನ್ನೆಲ್ಲ ಮಾಡುತ್ತಿದ್ದಳು, ನಾವು ಮೂವರು ಮಕ್ಕಳು ಕಂಡಿಕೆ, ಅಂದರೆ ಲಾಳಿಯೊಳಗಿಡುವ ನೂಲಿನ ಸುರುಳಿ, ಸುತ್ತುತ್ತಿದ್ದೆವು. ನಿಮ್ಮ ಪ್ರಶ್ನೆಯ ಎರಡನೆಯ ಭಾಗವನ್ನು ನಾನು ಹದಿನಾಲ್ಕನೆಯ ವಯಸ್ಸಿನಲ್ಲಿ ನನ್ನ ಅವ್ವನಿಗೇ ಕೇಳಿದ್ದೆ; ಆ ಕತೆಗೆ ಆಮೇಲೆ ಬರುತ್ತೇನೆ.

ನಮ್ಮ ಮನೆಯಲ್ಲಿದ್ದದ್ದು ಎರಡೇ ಅಂಕಣ. ಮುಂದಿನ ಅಂಕಣವನ್ನು ಪೂರ್ತಿಯಾಗಿ ಮಗ್ಗವೇ ನುಂಗಿಕೊಂಡಿದ್ದರಿಂದ ರಾತ್ರಿ ನಾವು ಅದರ ಅಕ್ಕಪಕ್ಕದಲ್ಲಿ, ಮಗ್ಗದ ಉದ್ದಕ್ಕೆ ಬಿಗಿದ ನೂಲಾದ ಹಾಸಿನ ಎಳೆಗಳಿಗೆ ಕಾಲು ತಾಗದಂತೆ ಮುದುಡಿಕೊಂಡು ಮಲಗುತ್ತಿದ್ದೆವು. ಬೆಳಗಿನ ಕ್ರಮ ಒಂದು ದಿನವೂ ತಪ್ಪುತ್ತಿರಲಿಲ್ಲ. ಅಪ್ಪ ಸ್ನಾನ ಮಾಡಿ, ಹಣೆ, ತೋಳು, ಎದೆಗೆ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ನೀರೆರೆದು, ಪತ್ರಿ ಏರಿಸಿ, ಕಣ್ಣರೆಪ್ಪೆ ಅಲುಗಿಸದೆ ಅದನ್ನೇ ನೋಡುತ್ತ ಕೂರುತ್ತಿದ್ದರು. ಲಿಂಗಕ್ಕೆ ನೀರು ಹಾಕದೆ ಯಾರೂ ಬಾಯಿಗೆ ನೀರು ಹಾಕುವಂತಿರಲಿಲ್ಲವಾದ್ದರಿಂದ, ಹಸಿದ ನಾವು ಅವರ ರೆಪ್ಪೆ ಯಾವಾಗ ಮಿಟುಕೀತೆಂದು ಬಾಗಿಲ ಸಂದಿಯಿಂದ ಕಾಯುತ್ತಿದ್ದೆವು. ಪೂಜೆ ಮುಗಿದ ಮೇಲೆ ಅವರು ಮಗ್ಗದ ಮರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಎರಡೂ ಕಾಲುಗಳನ್ನು ಕುಣಿಯೊಳಗೆ ಇಳಿಬಿಡುತ್ತಿದ್ದರು. ಲಿಂಗಕ್ಕೂ ಮಗ್ಗಕ್ಕೂ ನಡುವೆ ಅವರಿಗೆ ಬೇರೆ ಯಾವ ಕೆಲಸವೂ ಇರುತ್ತಿರಲಿಲ್ಲ. ನೇಯುವುದು ಪೂಜೆಯ ಮುಂದುವರಿಕೆಯೆಂದೇ ನಾನು ಬಹಳ ವರ್ಷ ತಿಳಿದಿದ್ದೆ.

ಮಗ್ಗಕ್ಕೆ ರಜೆಯೆಂದರೆ ಅಮಾವಾಸ್ಯೆ. ಭಾನುವಾರವೆಂಬುದು ಶಾಲೆಗೆ ಸಂಬಂಧಪಟ್ಟ ವಿಷಯವಾಗಿತ್ತು, ಮತ್ತು ನಿಜ ಹೇಳಬೇಕೆಂದರೆ ಶಾಲೆಯಿಲ್ಲದ ಆ ದಿನವೇ ನಾವು ಅತಿ ಹೆಚ್ಚು ಕಂಡಿಕೆ ಸುತ್ತಬೇಕಾಗುತ್ತಿತ್ತು. ಅಮಾವಾಸ್ಯೆಯ ದಿನ ಮಗ್ಗದ ಧೂಳು ಕೊಡವಿ, ಮರಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ಲಾಳಿಯ ಮುಂದೆ ದೀಪ ಹಚ್ಚಿಡುತ್ತಿದ್ದೆವು. ಸದ್ದಿಲ್ಲದ ಆ ಮನೆ ಬೇರೆಯವರ ಮನೆಯಂತೆ ಕಾಣುತ್ತಿತ್ತು.

ಇಳಕಲ್ ಸೀರೆಯ ಬಗೆಗೆ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗಲಾರದು. ಅದರ ಒಡಲು ಬೇರೆ, ಸೆರಗು ಬೇರೆ. ನಮ್ಮ ಮನೆಯಲ್ಲಿ ನೇಯುತ್ತಿದ್ದ ಸೀರೆಗಳ ಒಡಲಿಗೆ ಹತ್ತಿಯ ಹಾಸು, ಟೋಪ್ ತೆನಿ ಎಂಬ ವಿನ್ಯಾಸದ ಸೆರಗಿಗೆ ಕೆಂಪು ರೇಷ್ಮೆಯ ಹಾಸು. ಇವೆರಡನ್ನೂ ಕುಣಿಕೆ ಕುಣಿಕೆಯಾಗಿ ಒಂದಕ್ಕೊಂದು ಸಿಕ್ಕಿಸಿ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಹೀಗಾಗಿ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು. ಹತ್ತಾರು ಸೀರೆಗಳ ಹಾಸನ್ನು ಒಮ್ಮೆಲೇ ಹೂಡಿ ನಿಶ್ಚಿಂತೆಯಿಂದ ಕೂರುವ ಸೌಕರ್ಯ ಇದರಲ್ಲಿಲ್ಲ. ಆ ಕೊಂಡಿಯ ಕೆಲಸ ನಮ್ಮಲ್ಲಿ ಅವ್ವನದು. ಎಳೆಗೆ ಎಳೆ ಹೊಸೆಯಬೇಕಾದಾಗ ಬೆರಳು ಜಾರದಿರಲೆಂದು ಅವಳು ಒಲೆಯ ಬೂದಿಯನ್ನು ಒಂದು ಕರಟದಲ್ಲಿ ಪಕ್ಕಕ್ಕಿಟ್ಟುಕೊಳ್ಳುತ್ತಿದ್ದಳು. ಒಮ್ಮೆ ಬೂದಿ ಮುಗಿದಾಗ, ದೇವರ ಮಾಡದಿಂದ ವಿಭೂತಿ ಗಟ್ಟಿಯನ್ನೇ ಎತ್ತಿ ತಂದು ಬೆರಳಿಗೆ ತಿಕ್ಕಿಕೊಂಡು ಕುಳಿತಳು. ಅಜ್ಜಿ ಬಾಯಿಗೆ ಬಂದಂತೆ ಬೈದಳು. ಅವ್ವ ತಲೆ ಎತ್ತದೆ, "ಹಣಿಗೆ ಹಚ್ಚಿದ್ರ ಏನು, ಬಟ್ಟಿಗೆ ಹಚ್ಚಿದ್ರ ಏನು ಅತ್ತಿ" ಎಂದು ಹೊಸೆಯುವುದನ್ನು ಮುಂದುವರಿಸಿದಳು. ಬಟ್ಟು ಎಂದರೆ ನಮ್ಮ ಕಡೆ ಬೆರಳು.

ನೂಲು, ರೇಷ್ಮೆ ಎರಡೂ ನಮ್ಮವಲ್ಲ. ಸಾವುಕಾರರು ತೂಕ ಮಾಡಿ ಕೊಡುತ್ತಿದ್ದರು, ನೇಯ್ದ ಸೀರೆಯನ್ನು ತೂಕ ಮಾಡಿಯೇ ತೆಗೆದುಕೊಳ್ಳುತ್ತಿದ್ದರು, ನಮಗೆ ಸಿಗುತ್ತಿದ್ದದ್ದು ಸೀರೆಯ ಲೆಕ್ಕದಲ್ಲಿ ಮಜೂರಿ. ಮಳೆಗಾಲದಲ್ಲಿ ಆ ಮಜೂರಿಗೂ ಸಂಚಕಾರ ಬರುತ್ತಿತ್ತು: ಗಂಜಿ ಹಚ್ಚಿದ ಹಾಸು ಒಣಗುತ್ತಿರಲಿಲ್ಲ, ಕುಣಿಯಲ್ಲಿ ನೀರು ಜಿನುಗುತ್ತಿತ್ತು, ಅಪ್ಪ ಒದ್ದೆ ಗೋಣಿಚೀಲದ ಮೇಲೆ ಕಾಲಿಟ್ಟುಕೊಂಡು ನೇಯುತ್ತಿದ್ದರು. ಅವರ ಪಾದದ ಬಿರುಕುಗಳು ಬೇಸಿಗೆಯಲ್ಲಿಯೂ ಮಾಯುತ್ತಿರಲಿಲ್ಲ.

ಇಷ್ಟೆಲ್ಲದರ ನಡುವೆ ನಮ್ಮನ್ನು ಬೆಳೆಸಿದ್ದು ಶರಣರ ಕತೆಗಳು. ಅವುಗಳಲ್ಲಿ ಅವ್ವನಿಗೆ ಅಚ್ಚುಮೆಚ್ಚಿನದು ಆಯ್ದಕ್ಕಿ ಲಕ್ಕಮ್ಮನದು. ಮಾರಯ್ಯ ಮತ್ತು ಲಕ್ಕಮ್ಮ ನಮ್ಮಿಂದ ಬಹಳ ದೂರದವರೇನಲ್ಲ, ಲಿಂಗಸುಗೂರು ತಾಲೂಕಿನ ಅಮರೇಶ್ವರದ ಕಡೆಯವರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗಿ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕ ಮಾಡಿಕೊಂಡವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಇಷ್ಟು ಬೇಡ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬಾ ಎಂದು ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳುಹಿಸುತ್ತಾಳೆ. ಅಂದಿನ ಅಕ್ಕಿ ಅಂದಿಗೇ ಮುಗಿಯುತ್ತಿದ್ದ ಮನೆಯಲ್ಲಿ ಕುಳಿತು ನಾವು ಈ ಕತೆಯನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ.

ನನ್ನ ಪಾಲಿಗೆ ಅದು ಬರಿಯ ಕತೆಯಾಗಿ ಉಳಿಯಲಿಲ್ಲ. ಎಂಟನೆಯ ವಯಸ್ಸಿನಲ್ಲಿ ನನಗೆ ಲಿಂಗದೀಕ್ಷೆಯಾಯಿತು. ತರಗತಿಯ ಒಬ್ಬ ಹುಡುಗಿಯ ಕೊರಳಲ್ಲಿ, ಲಿಂಗ ಕಟ್ಟಿಕೊಳ್ಳಲು, ಮಿರುಗುವ ರೇಷ್ಮೆಯ ಶಿವದಾರವಿತ್ತು. ನನ್ನದು ಹತ್ತಿಯದು, ಬೆವರಿಗೆ ಎರಡೇ ವಾರದಲ್ಲಿ ಕಂದಿತ್ತು. ಸೆರಗಿನ ಹಾಸು ಮಾಡುವಾಗ ತುಂಡಾಗಿ ಉಳಿಯುತ್ತಿದ್ದ, ಮೊಳದುದ್ದವೂ ಇಲ್ಲದ ರೇಷ್ಮೆ ಎಳೆಗಳನ್ನು ಅವ್ವ ಒಂದು ತಗಡಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಅದರಿಂದ ಒಂದಷ್ಟು ಎಳೆಗಳನ್ನು ಕದ್ದು, ತುದಿಗೆ ತುದಿ ಗಂಟು ಹಾಕಿ, ತೊಡೆಯ ಮೇಲೆ ಹೊಸೆದು, ನಾನೇ ಒಂದು ಕೆಂಪು ಶಿವದಾರ ಮಾಡಿಕೊಂಡೆ. ಅಂಗಿಯೊಳಗೆ ಎರಡು ದಿನ ಅದು ಬಚ್ಚಿಟ್ಟುಕೊಂಡಿತ್ತು, ಮೂರನೆಯ ದಿನ ತಲೆಗೆ ನೀರು ಹಾಕುವಾಗ ಅವ್ವನ ಕೈಗೆ ಸಿಕ್ಕಿತು. ಅವಳು ಹೊಡೆಯಲಿಲ್ಲ. ಆ ಸಂಜೆ ಕಂದೀಲಿನ ಬೆಳಕಿನಲ್ಲಿ ಕುಳಿತು, ಉಗುರಿನಿಂದ ಒಂದೊಂದೇ ಗಂಟನ್ನು ಬಿಡಿಸಿ, ಎಳೆಗಳನ್ನು ನೇರ ಮಾಡಿ, ಒದ್ದೆ ಆರಿದ ಮೇಲೆ ಮತ್ತೆ ಡಬ್ಬಿಗೆ ಹಾಕಿದಳು. "ಇದು ನಮ್ದಲ್ಲವ್ವಾ. ನಮ್ದಲ್ಲದ ದಾರಕ್ಕ ಲಿಂಗ ಕಟ್ಟಬಾರ್ದು" ಎಂದು ಹೇಳಿ, ಹೊಸ ಹತ್ತಿಯ ದಾರ ಕಟ್ಟಿದಳು. ವಾರದ ಕೊನೆಗೆ ಸೀರೆ ಕೊಡಲು ಅಪ್ಪನ ಜೊತೆಗೆ ನಾನೂ ಹೋಗಿದ್ದೆ. ಆ ಡಬ್ಬಿಯನ್ನು ಮುಂದಿಟ್ಟಾಗ ಸಾವುಕಾರರು ಅದನ್ನು ತೂಗಲೂ ಇಲ್ಲ. ಮುಚ್ಚಳ ತೆಗೆದು, ಮೂಲೆಯಲ್ಲಿದ್ದ ಚಿಂದಿಯ ರಾಶಿಗೆ ಕೊಡವಿ, ಡಬ್ಬಿಯನ್ನು ಮರಳಿಸಿದರು.

ಶ್ರಾವಣದಲ್ಲಿ ರಾತ್ರಿ ಪುರಾಣ ಕೇಳಲು ಇಡೀ ಓಣಿಯೇ ಹೋಗುತ್ತಿತ್ತು. ಅಲ್ಲಿ ಕಾಯಕದ ಮಹಿಮೆಯನ್ನು, ಜೇಡರ ದಾಸಿಮಯ್ಯನಂಥ ನೇಕಾರ ವಚನಕಾರ ನಮ್ಮವನೆಂಬುದನ್ನು ಕೇಳುವಾಗ ಅಪ್ಪನ ಬೆನ್ನು ನೆಟ್ಟಗಾಗುತ್ತಿದ್ದುದನ್ನು ನಾನು ಕಂಡಿದ್ದೇನೆ. ದಿನವಿಡೀ ಬಾಗಿಯೇ ಇರುತ್ತಿದ್ದ ಬೆನ್ನು ಅದು. ಈ ಗೌರವವನ್ನು ಅವರಿಗೆ ಬೇರೆ ಯಾರೂ ಕೊಟ್ಟಿರಲಿಲ್ಲ, ಆದ್ದರಿಂದ ಧರ್ಮವು ಬಡವರಿಗೆ ಬರಿಯ ಅಫೀಮು ಎನ್ನುವವರ ಜೊತೆ ನನಗೆ ಇಂದಿಗೂ ಪೂರ್ತಿಯಾಗಿ ದನಿಗೂಡಿಸಲು ಆಗುವುದಿಲ್ಲ. ಆದರೆ ಮುಂದಿನ ಸಾಲಿನಲ್ಲಿ ಕುಳಿತು ಅದೇ ಮಾತಿಗೆ ತಲೆದೂಗುತ್ತಿದ್ದ ಸಾವುಕಾರರು ಮಜೂರಿಯ ಮಾತು ಬಂದಾಗ "ಕಾಯಕವೇ ಕೈಲಾಸ ಅಲ್ಲೇನ್ರಿ" ಎಂದು ನಗುತ್ತಿದ್ದದ್ದೂ ಅಷ್ಟೇ ನಿಜ.

ನಮ್ಮೂರಿನ ಮಠದ ಮಹಾಂತ ಶಿವಯೋಗಿಗಳ ಜೋಳಿಗೆಯ ವಿಷಯವನ್ನು ಇಲ್ಲಿ ಬಿಡಲಾರೆ. 1975ರಲ್ಲಿ ಆರಂಭವಾದ ಆ ಮಹಾಂತ ಜೋಳಿಗೆಗೆ ದವಸ, ದುಡ್ಡು ಬೇಕಿರಲಿಲ್ಲ. ಅವರು ಜನರ ಚಟಗಳನ್ನು ಭಿಕ್ಷೆಯಾಗಿ ಬೇಡುತ್ತಿದ್ದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ಈಗ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ನನಗೆ ಹತ್ತು ವರ್ಷವಿದ್ದಾಗ ಜೋಳಿಗೆ ನಮ್ಮ ಓಣಿಗೂ ಬಂದಿತು. ಗಂಡಸರು ಒಬ್ಬೊಬ್ಬರಾಗಿ ಮುಂದೆ ಬಂದು ತಂಬಾಕಿನ ಚೀಲ, ಬೀಡಿಯ ಕಟ್ಟುಗಳನ್ನು ಹಾಕುತ್ತಿದ್ದರು. ಅಪ್ಪ ಬಾಗಿಲಲ್ಲೇ ನಿಂತು ಅಂಗಿಯ ಕಿಸೆಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡು, ಕಡೆಗೆ ಹೋಗಿ ಕಟ್ಟನ್ನು ಹಾಕಿ, ಕಾಲಿಗೆ ಬಿದ್ದು ಬಂದರು. ಆ ರಾತ್ರಿ ನಿದ್ದೆ ಬಾರದೆ ಮಗ್ಗದ ಸುತ್ತ ತಿರುಗಾಡುತ್ತಿದ್ದರು. ಎರಡು ವರ್ಷ ಅವರು ಬೀಡಿ ಮುಟ್ಟಲಿಲ್ಲ. ಅನಂತರದ್ದನ್ನು ಕೊನೆಗೆ ಹೇಳುತ್ತೇನೆ.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. 1989ರ ಮಳೆಗಾಲದಲ್ಲಿ, ಸೀರೆಯ ದಡಿ, ಅಂದರೆ ಅಂಚು, ಸೊಟ್ಟಾಗಿದೆಯೆಂದು ಹೇಳಿ ಸಾವುಕಾರರು ಮೂರು ಸೀರೆಗಳ ಮಜೂರಿಯಲ್ಲಿ ದೊಡ್ಡ ಪಾಲನ್ನೇ ಮುರಿದುಕೊಂಡರು. ದಡಿ ಸೊಟ್ಟಾಗಿರಲಿಲ್ಲ, ಆ ಸೀರೆಗಳು ಉಳಿದವುಗಳ ಬೆಲೆಗೇ ಮಾರಾಟವಾದದ್ದು ಎಲ್ಲರಿಗೂ ತಿಳಿದಿತ್ತು. ಅಪ್ಪ ಮರುಮಾತಾಡದೆ ಮನೆಗೆ ಬಂದು, "ನಮ್ಮ ಲೆಕ್ಕ ಅವರ ಕೂಡ ಅಲ್ಲ, ಮ್ಯಾಲಿನವನ ಕೂಡ" ಎಂದು ಹೇಳಿ ಕೈಕಾಲು ತೊಳೆಯಲು ಹೋದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಅಕ್ಕಿ ಹೆಚ್ಚು ಬಂದಾಗ ಲಕ್ಕಮ್ಮ ಹಿಂದಕ್ಕೆ ಕೊಡಿಸಿದಳು ಸರಿ, ಕಡಿಮೆ ಬಂದಿದ್ದರೆ ಏನು ಮಾಡುತ್ತಿದ್ದಳು, ಆ ಕತೆಯನ್ನೇಕೆ ಯಾರೂ ಹೇಳುವುದಿಲ್ಲ ಎಂದು ಅವ್ವನನ್ನು ಕೇಳಿದೆ. ಅವಳು ಉತ್ತರ ಕೊಡಲಿಲ್ಲ. ನಾಲ್ಕೈದು ದಿನ ಕಳೆದ ಮೇಲೆ, ನನ್ನ ಹಳೆಯ ಗಣಿತದ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆಗಳಿವೆಯೇ ಎಂದು ವಿಚಾರಿಸಿದಳು.

ಅಂದಿನಿಂದ ಅವಳು ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ: ಯಾವ ದಿನ ಎಷ್ಟು ನೂಲು ಬಂತು, ರೇಷ್ಮೆ ಎಷ್ಟು, ಸೀರೆಯ ತೂಕವೆಷ್ಟು, ತುಂಡು ಎಳೆ ಎಷ್ಟು ಮರಳಿತು, ಮಜೂರಿ ಎಷ್ಟಾಗಬೇಕಿತ್ತು, ಎಷ್ಟು ಬಂತು. ಎರಡು ತಿಂಗಳ ಲೆಕ್ಕ ಕೂಡಿದ ಮೇಲೆ, ಒಂದು ಅಮಾವಾಸ್ಯೆಯ ದಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಹಾಗೇ ಇರುವಾಗ, ತಲೆಯ ಮೇಲೆ ಸೆರಗು ಹೊದ್ದು ನನ್ನನ್ನು ಕರೆದುಕೊಂಡು ಸಾವುಕಾರರ ಕಟ್ಟೆಗೆ ಹೋದಳು. ನಮ್ಮ ಓಣಿಯ ಹೆಣ್ಣುಮಕ್ಕಳು ಆ ಕಟ್ಟೆ ಏರುವ ವಾಡಿಕೆಯಿರಲಿಲ್ಲ. ನಾನು ಲೆಕ್ಕ ಓದಿದೆ. ಅವ್ವ ಹೇಳಿದ್ದು ಇಷ್ಟೇ: "ಗುಂಜಿ ತೂಕದ ರೇಷ್ಮಿ ಉಳಿದ್ರೂ ತಂದು ಕೊಟ್ಟೇವ್ರಿ. ಹೆಚ್ಚಿಗಿ ಬಂದದ್ದು ಕೊಡೂದು ಧರ್ಮ ಆದ್ರ, ಕಡಿಮಿ ಬಂದದ್ದು ಕೇಳೂದೂ ಧರ್ಮನ." ಸಾವುಕಾರರು ಮೂರರಲ್ಲಿ ಎರಡು ಸೀರೆಗಳ ಹಣವನ್ನು ಕೊಟ್ಟರು. ಮುಂದಿನ ತಿಂಗಳು ನೂಲನ್ನು ಹತ್ತು ದಿನ ತಡಮಾಡಿ ಕೊಟ್ಟರು, ಆ ಹತ್ತು ದಿನ ನಾವು ಸಾಲ ಮಾಡಿ ಉಂಡೆವು.

ಆದ್ದರಿಂದ ನಂಬಿಕೆ ಸಹಿಸುವುದನ್ನು ಕಲಿಸಿತೇ ಎಂದು ಕೇಳಿದರೆ, ಅಪ್ಪನಿಗೆ ಕಲಿಸಿತು ಎನ್ನುತ್ತೇನೆ. ಅದೇ ಮನೆಯಲ್ಲಿ, ಅದೇ ಕತೆಯಿಂದ ಅವ್ವ ಬೇರೆಯದನ್ನು ಕಲಿತಳು. ಧರ್ಮವಿಲ್ಲದಿದ್ದರೂ ಅವಳು ಆ ಕಟ್ಟೆ ಏರುತ್ತಿದ್ದಳೆಂದು ವಾದಿಸುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ, ಏಕೆಂದರೆ ಒಂದೆಳೆ ರೇಷ್ಮೆಯನ್ನೂ ಉಳಿಸಿಕೊಳ್ಳದವಳು ತಾನೆಂಬ ಧೈರ್ಯವೇ ಅವಳನ್ನು ಅಲ್ಲಿ ನಿಲ್ಲಿಸಿತ್ತು.

ಆಮೇಲಿನ ಸಂಗತಿ ಹೆಚ್ಚೇನಿಲ್ಲ. ಸೀರೆ, ಧೋತರ ಮೊದಲಾದ ಹಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಡುವ ಕಾಯ್ದೆಯನ್ನು ಕೇಂದ್ರ ಸರ್ಕಾರ 1985ರಲ್ಲೇ ಮಾಡಿದ್ದರೂ, ನಮ್ಮ ಹಿಂದಿನ ಓಣಿಯಲ್ಲಿ ವಿದ್ಯುತ್ ಮಗ್ಗಗಳ ಸದ್ದು ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಯಿತು. ನಾನು ಓದಿ ಬೇರೆ ಊರಿನಲ್ಲಿ ನೌಕರಿಗೆ ಸೇರುವ ಹೊತ್ತಿಗೆ ಅಪ್ಪ ಮಗ್ಗ ನಿಲ್ಲಿಸಿದ್ದರು.

ಆ ನೋಟ್‌ಬುಕ್ಕು ಮಾತ್ರ ನನ್ನ ಬಳಿ ಇದೆ. ಅವ್ವನ ಅಪ್ಪಣೆಯಂತೆ ಪ್ರತಿ ತಿಂಗಳ ಹಾಳೆಯ ನೆತ್ತಿಯಲ್ಲಿ "ಓಂ ಶ್ರೀ ಗುರುಬಸವಲಿಂಗಾಯ ನಮಃ" ಎಂದು ಬರೆದು, ಅದರ ಕೆಳಗೆ ತೂಕ, ಮಜೂರಿ, ಮನೆಯ ಖರ್ಚುಗಳನ್ನು ಬರೆಯುತ್ತಿದ್ದೆ. ತಿಂಗಳ ಕೊನೆಗೆ ಅಪ್ಪ ಓದಿ ನೋಡಿ ರುಜು ಹಾಕುತ್ತಿದ್ದರು. 1990ರ ಶ್ರಾವಣದ ಹಾಳೆಯಲ್ಲಿ ಎಣ್ಣೆ ಮತ್ತು ಸೀಮೆಎಣ್ಣೆಯ ನಡುವೆ "ಬೀಡಿ" ಎಂಬ ಒಂದು ಸಾಲಿದೆ. ಬರೆಯಲೇ ಎಂದು ನಾನು ಅನುಮಾನಿಸಿದಾಗ ಅವ್ವ, ಖರ್ಚಾದದ್ದು ಖರ್ಚೇ, ಬರೆ ಎಂದಿದ್ದಳು. ಅಪ್ಪ ಆ ಸಾಲಿನ ಮೇಲೆ ಸ್ವಲ್ಪ ಹೊತ್ತು ಬೆರಳಿಟ್ಟುಕೊಂಡಿದ್ದು, ಒಂದು ಮಾತನ್ನೂ ಆಡದೆ ಕೆಳಗೆ ರುಜು ಹಾಕಿದರು.