ಓದುಗರ ಪ್ರಶ್ನೆ: ಕಡಲ ದಂಡೆಯಿಂದ ಎಝ್ ಗ್ರಾಮಕ್ಕೆ ಕಾಲ್ನಡಿಗೆ

ಪ್ರಶ್ನೆ: ನಾನು ಧಾರವಾಡದ ಮಾಳಮಡ್ಡಿಯಲ್ಲಿರುವ ನಿವೃತ್ತ ಶಿಕ್ಷಕ. ನನ್ನ ಮಗ ಫ್ರಾನ್ಸಿನ ನೀಸ್ ನಗರಕ್ಕೆ ಸಮೀಪದ ಸೋಫಿಯಾ ಆಂಟಿಪೊಲಿಸ್‌ನಲ್ಲಿ ಉದ್ಯೋಗದಲ್ಲಿದ್ದಾನೆ. ಬರುವ ಮೇ ತಿಂಗಳಲ್ಲಿ ನಾವಿಬ್ಬರೂ ಅವನಲ್ಲಿಗೆ ಹೋಗುತ್ತಿದ್ದೇವೆ. ಮಗ, ಸೊಸೆ ಮತ್ತು ಒಂಬತ್ತು ವರ್ಷದ ಮೊಮ್ಮಗಳೊಂದಿಗೆ ಕಾಲ್ನಡಿಗೆಯಲ್ಲಿ ಹಳೆಯ ಫ್ರೆಂಚ್ ಹಳ್ಳಿಯೊಂದನ್ನು ನೋಡಿ ಸಂಜೆಯೊಳಗೆ ಮರಳಬೇಕೆಂಬ ಆಸೆಯಿದೆ. ನನಗೆ ನಡೆಯುವ ರೂಢಿಯುಂಟು, ಆದರೆ ನಮ್ಮ ಮನೆಯವರಿಗೆ ಮೊಣಕಾಲು ನೋವು. ನಾವು ಸಸ್ಯಾಹಾರಿಗಳು. ಯಾವ ಹಳ್ಳಿಯನ್ನು ಆರಿಸಿಕೊಳ್ಳಬೇಕು?

ಉತ್ತರ: ನಿಮ್ಮ ಕುಟುಂಬಕ್ಕೆ ನಾನು ಎಝ್ ಗ್ರಾಮವನ್ನು ಸೂಚಿಸುತ್ತೇನೆ. ಅದು ನೀಸ್ ಮತ್ತು ಮೊನಾಕೊಗಳ ನಡುವೆ, ಮೆಡಿಟರೇನಿಯನ್ ಸಮುದ್ರದಿಂದ 400 ಮೀಟರಿಗೂ ಹೆಚ್ಚು ಎತ್ತರದ ಬಂಡೆಯ ನೆತ್ತಿಯ ಮೇಲಿದೆ. ಅದಕ್ಕಿಂತ ಚೆಲುವಾದ ಹಳ್ಳಿಗಳು ಫ್ರಾನ್ಸಿನಲ್ಲಿ ಇಲ್ಲವೆಂದಲ್ಲ. ನಡೆಯಬಲ್ಲವರು ನಡೆದು, ನಡೆಯಲಾರದವರು ಬಸ್ಸಿನಲ್ಲಿ ಏರಿ, ಎಲ್ಲರೂ ಒಂದೇ ಬಾಗಿಲಲ್ಲಿ ಕೂಡಿಕೊಳ್ಳಬಹುದಾದ ಅನುಕೂಲ ಎಲ್ಲ ಕಡೆಯೂ ಸಿಗುವುದಿಲ್ಲ.

ಮಗನ ಊರಿಗೆ ಹತ್ತಿರದ ಆಂಟೀಬ್ ನಿಲ್ದಾಣದಿಂದ ನೀಸ್‌ಗೆ ಬಂದು, ಅಲ್ಲಿಂದ ಮೊನಾಕೊ ಕಡೆಗೆ ಹೋಗುವ ಸ್ಥಳೀಯ ರೈಲನ್ನು ಹಿಡಿದರೆ ಸುಮಾರು ಕಾಲು ಗಂಟೆಯಲ್ಲಿ ಕಡಲ ದಂಡೆಯ ಎಝ್ ನಿಲ್ದಾಣದಲ್ಲಿ ಇಳಿಯುತ್ತೀರಿ. ದೂರ ಪ್ರಯಾಣದ ವೇಗದ ಗಾಡಿಗಳು ಅಲ್ಲಿ ನಿಲ್ಲುವುದಿಲ್ಲ. ಅಲ್ಲಿಂದಲೇ ನಿಮ್ಮ ಮನೆಯವರು ಸೊಸೆಯೊಂದಿಗೆ ಬಸ್ಸಿನಲ್ಲಿ ಮೇಲಕ್ಕೆ ಹೋಗಲಿ. ಬಸ್ಸುಗಳ ಓಡಾಟ ಕಡಿಮೆಯಾದ್ದರಿಂದ ಮಗನು ಹಿಂದಿನ ದಿನವೇ ವೇಳಾಪಟ್ಟಿಯನ್ನು ನೋಡಿಟ್ಟಿರಬೇಕು.

ನೀವು, ಮಗ ಮತ್ತು ಮೊಮ್ಮಗಳು ಹತ್ತಬೇಕಾದ ಕಾಲುದಾರಿಗೆ ನೀಚೆಯ ಹೆಸರಿದೆ. 1880ರ ದಶಕದಲ್ಲಿ ನೀಸ್‌ನಲ್ಲಿ ಚಳಿಗಾಲಗಳನ್ನು ಕಳೆದ ಈ ಜರ್ಮನ್ ತತ್ತ್ವಜ್ಞಾನಿ, ಜರತುಷ್ಟ್ರನನ್ನು ಕುರಿತ ತನ್ನ ಕೃತಿಯ ಮೂರನೆಯ ಭಾಗದ ಮುಖ್ಯವಾದ ಒಂದು ಅಧ್ಯಾಯವು ನಿಲ್ದಾಣದಿಂದ ಎಝ್‌ಗೆ ಹತ್ತುವ ಕಷ್ಟದ ಏರಿನಲ್ಲಿಯೇ ಮೂಡಿತೆಂದು ಮುಂದೆ ಬರೆದುಕೊಂಡಿದ್ದಾನೆ. ದಾರಿ ಮೊದಲು ಮನೆಗಳ ನಡುವೆ ಸಾಗಿ, ಪೈನ್ ಮರಗಳನ್ನು ದಾಟಿ, ಸುಣ್ಣಕಲ್ಲಿನ ಮೆಟ್ಟಿಲುಗಳೂ ಸಡಿಲ ಹರಳುಗಳೂ ಇರುವ ಕಡಿದಾದ ಏರಾಗುತ್ತದೆ. ರೂಢಿಯಿದ್ದವರಿಗೆ ಒಂದರಿಂದ ಒಂದೂವರೆ ಗಂಟೆ ಸಾಕು; ಮಗುವಿನೊಂದಿಗೆ ಹೊರಟ ನೀವು ಎರಡು ಗಂಟೆ ಹಿಡಿಯಿರಿ. ನೆರಳು ಕಡಿಮೆ, ನಡುವೆ ಕುಡಿಯುವ ನೀರು ಸಿಗುವುದಿಲ್ಲ. ಆದ್ದರಿಂದ ಬೆಳಗಿನ ಹೊತ್ತಿನಲ್ಲಿಯೇ ಹೊರಡಿ, ತಲಾ ಒಂದೂವರೆ ಲೀಟರ್ ನೀರನ್ನು ಒಯ್ಯಿರಿ, ಚಪ್ಪಲಿ ಬಿಟ್ಟು ಅಡಿ ಜಾರದ ಬೂಟುಗಳನ್ನು ಹಾಕಿಕೊಳ್ಳಿ. ಮಳೆ ಬಂದ ದಿನ ಈ ದಾರಿಯನ್ನು ಸರ್ವಥಾ ಹಿಡಿಯಬೇಡಿ, ಕಲ್ಲು ಜಾರುತ್ತದೆ. ಹೊರಡುವ ಮೊದಲಿನ ಎರಡು ತಿಂಗಳು ಉಣಕಲ್ಲಿನ ನೃಪತುಂಗ ಬೆಟ್ಟವನ್ನು ವಾರಕ್ಕೆ ಮೂರು ಸಲ ಹತ್ತಿ ಇಳಿದರೆ ಕಾಲುಗಳು ಹದಕ್ಕೆ ಬರುತ್ತವೆ.

ನರಗುಂದದ ಗುಡ್ಡವನ್ನು ನೀವು ಹತ್ತಿರಬಹುದು. ಅಲ್ಲಿ ಕೋಟೆ ಮೇಲಿದೆ, ಊರು ಬುಡದಲ್ಲಿದೆ. ಎಝ್‌ನಲ್ಲಿ ಊರೇ ಕೋಟೆಯೊಂದಿಗೆ ನೆತ್ತಿಗೇರಿ ಕುಳಿತಿದೆ, ಏಕೆಂದರೆ ಅಪಾಯ ಬರುತ್ತಿದ್ದುದು ಕಡಲಿನಿಂದ. ಅಷ್ಟು ಎತ್ತರವೂ ಅದನ್ನು ಕಾಯಲಿಲ್ಲ. 1543ರಲ್ಲಿ ಬಾರ್ಬರೋಸನ ನೇತೃತ್ವದ ತುರ್ಕಿ ಪಡೆ ಮತ್ತು ಫ್ರೆಂಚರ ಸೈನ್ಯ ಕೂಡಿ ಅದನ್ನು ವಶಪಡಿಸಿಕೊಂಡವು. 1706ರಲ್ಲಿ ಹದಿನಾಲ್ಕನೆಯ ಲೂಯಿಯ ಆಜ್ಞೆಯಂತೆ ಕೋಟೆಯನ್ನು ಕೆಡವಲಾಯಿತು. ನೀವು ‘ಹಳೆಯ ಫ್ರೆಂಚ್ ಹಳ್ಳಿ’ ಎಂದು ಕೇಳಿದ್ದರಿಂದ ಒಂದು ಮಾತನ್ನು ಹೇಳಲೇಬೇಕು. ಈ ಹಳ್ಳಿ ಶತಮಾನಗಳ ಕಾಲ ಸವಾಯ್ ರಾಜಮನೆತನದ ಆಳ್ವಿಕೆಯಲ್ಲಿದ್ದು, 1860ರ ಜನಮತದ ನಂತರವಷ್ಟೇ ಶಾಶ್ವತವಾಗಿ ಫ್ರಾನ್ಸಿಗೆ ಸೇರಿತು. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಧಾರವಾಡದಿಂದ ಹೋಗುವ ನಿಮಗೆ, ಊರು ಇದ್ದಲ್ಲಿಯೇ ಇದ್ದು ರಾಜ್ಯ ಬದಲಾಗುವುದೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಮೊಮ್ಮಗಳಿಗೆ ಇದನ್ನು ಆ ಕಲ್ಲಿನ ಬಾಗಿಲಲ್ಲಿ ನಿಂತು ಹೇಳಿ, ಅವಳ ಮನಸ್ಸಿನಲ್ಲಿ ಉಳಿಯುತ್ತದೆ.

ಕೋಟೆಬಾಗಿಲಿನ ಒಳಗೆ ವಾಹನಗಳಿಲ್ಲ. ಕಲ್ಲು ಹಾಸಿದ ಓಣಿಗಳು, ಅಲ್ಲಲ್ಲಿ ಮೆಟ್ಟಿಲುಗಳು, ಕಲ್ಲಿನ ಮನೆಗಳು. ಬಸ್ಸಿನಲ್ಲಿ ಬಂದವರೂ ನಿಲ್ದಾಣದಿಂದ ಬಾಗಿಲವರೆಗೆ ಒಂದಿಷ್ಟು ಏರಲೇಬೇಕು. ನಿಮ್ಮ ಮನೆಯವರ ಕೈಗೆ ಊರುಗೋಲನ್ನು ಕೊಟ್ಟು ಕಳಿಸಿ, ಅವಸರಪಡಿಸಬೇಡಿ. ಎಲ್ಲಕ್ಕಿಂತ ಮೇಲೆ, ಕೋಟೆಯ ಅವಶೇಷಗಳ ನಡುವೆ ಎರಡನೆಯ ಮಹಾಯುದ್ಧದ ನಂತರ ಮಾಡಿದ ಉದ್ಯಾನವಿದೆ. ಪ್ರವೇಶಕ್ಕೆ ಟಿಕೆಟ್ಟು ಪಡೆಯಬೇಕು. ನಮ್ಮ ಹೊಲದ ಬದುಗಳಲ್ಲಿ ಯಾರೂ ತಿರುಗಿ ನೋಡದ ಡಬಗಳ್ಳಿ, ಕತ್ತಾಳಿಗಳ ಬಳಗವನ್ನೇ ಅಲ್ಲಿ ಎಷ್ಟು ಅಕ್ಕರೆಯಿಂದ ಬೆಳೆಸಿದ್ದಾರೆಂಬುದನ್ನು ನೋಡಿದರೆ ನಿಮಗೆ ನಿಜವಾಗಿಯೂ ಸಂತೋಷವಾಗುತ್ತದೆ. ಅವುಗಳ ಆಚೆ, ಕೆಳಗೆ, ನೀಲಿ ಸಮುದ್ರ ಮತ್ತು ಕಾಪ್ ಫೆರಾ ಭೂಶಿರ.

ಊಟಕ್ಕೆ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ನೀಸ್‌ನ ‘ಪಾನ್ ಬಾನ್ಯಾ’ ಎಂಬ ಬ್ರೆಡ್ಡಿನೊಳಗೆ ತರಕಾರಿಯೊಂದಿಗೆ ಮೀನೂ ಇರುತ್ತದೆ, ಎಚ್ಚರವಿರಲಿ. ಆದರೆ ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ಬೇಯಿಸುವ ‘ಸೋಕಾ’ವನ್ನು ನೀವು ನಿಶ್ಚಿಂತೆಯಿಂದ ತಿನ್ನಬಹುದು. ಮರಳುವಾಗ ನೀಸ್‌ನ ಹಳೆಯ ಪೇಟೆಯಲ್ಲಿ ಬಿಸಿಯಾಗಿ ಸಿಗುತ್ತದೆ.

ಇಳಿಯುವಾಗ ಮಾತ್ರ ಯಾರೂ ಆ ಕಾಲುದಾರಿಯನ್ನು ಹಿಡಿಯಬೇಡಿ. ಹತ್ತುವಾಗ ಉಸಿರು ದಣಿಯುತ್ತದೆ, ಇಳಿಯುವಾಗ ಮೊಣಕಾಲು ಸೋಲುತ್ತದೆ. ಸಡಿಲ ಹರಳಿನ ಮೇಲೆ ಮಗುವಿನ ಕಾಲೂ ನಿಲ್ಲುವುದಿಲ್ಲ. ಹಳ್ಳಿಯಿಂದ ನೇರವಾಗಿ ನೀಸ್‌ಗೆ ಹೋಗುವ ಬಸ್ಸು ಇದೆ. ಐವರೂ ಅದರಲ್ಲಿಯೇ ಕೂಡಿ ಮರಳಿರಿ.