ಡಿಕ್ಕಿ ಬಾಗಿಲು ಬಡಿದರೆ ಚಿತ್ರ ಬರುವ ರಿವರ್ಸ್ ಕ್ಯಾಮೆರಾ

ಪ್ರಶ್ನೆ: ಸರ್, ನನ್ನ ಕಾರಿಗೆ ಆಮೇಲೆ ಹಾಕಿಸಿದ ರಿವರ್ಸ್ ಕ್ಯಾಮೆರಾ ಇದೆ. ಈಗ ರಿವರ್ಸ್ ಗೇರ್ ಹಾಕಿದರೆ ಸ್ಕ್ರೀನ್ ಕಪ್ಪಾಗುತ್ತದೆ, ಕೆಂಪು-ಹಳದಿ ಗೆರೆ ಮಾತ್ರ ಕಾಣುತ್ತದೆ. ಡಿಕ್ಕಿ ಬಾಗಿಲನ್ನು ಜೋರಾಗಿ ಹಾಕಿದರೆ ಒಮ್ಮೊಮ್ಮೆ ಚಿತ್ರ ಬಂದು ಮತ್ತೆ ಹೋಗುತ್ತದೆ. ಕ್ಯಾಮೆರಾನೇ ಹೋಗಿದೆ, ಹೊಸದು ಹಾಕಿಸಿ ಅಂತಾರೆ. ಹಾಕಿಸಲಾ?

ಉತ್ತರ: ಸದ್ಯಕ್ಕೆ ಬೇಡ. ಬಾಗಿಲು ಬಡಿದಾಗ ಚಿತ್ರ ಬಂದು ಹೋಗುತ್ತದೆ ಅಂದಿರಲ್ಲ, ಸತ್ತ ಕ್ಯಾಮೆರಾ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ತುಂಡಾದ ವೈರು ಮಾಡುತ್ತದೆ.

ಆಮೇಲೆ ಹಾಕಿಸುವ ಕ್ಯಾಮೆರಾಗಳಲ್ಲಿ ಹೆಚ್ಚಿನವು ರಿವರ್ಸ್ ದೀಪದ ವೈರಿನಿಂದಲೇ 12 ವೋಲ್ಟ್ ಕರೆಂಟು ಎಳೆದುಕೊಳ್ಳುತ್ತವೆ. ಚಿತ್ರ ಮಾತ್ರ ಬೇರೆ ಕೇಬಲ್‌ನಲ್ಲಿ, ತುದಿಗೆ ಹಳದಿ ಪಿನ್ ಇರುತ್ತದಲ್ಲ ಅದರಲ್ಲಿ, ಮುಂದಿನ ಸ್ಕ್ರೀನ್‌ವರೆಗೆ ಹೋಗುತ್ತದೆ. ‘ಗಾಡಿ ರಿವರ್ಸ್‌ಗೆ ಬಿತ್ತು, ಕ್ಯಾಮೆರಾ ತೋರಿಸು’ ಅಂತ ಸ್ಕ್ರೀನಿಗೆ ಹೇಳುವುದಕ್ಕೆ ಇನ್ನೊಂದು ಸಣ್ಣ ವೈರು. ನಿಮ್ಮ ಸ್ಕ್ರೀನ್ ಗೇರ್ ಹಾಕಿದ ತಕ್ಷಣ ಬದಲಾಗುತ್ತಿದೆ, ಹಾಗಾಗಿ ಆ ಸಣ್ಣ ವೈರು ಸರಿ ಇದೆ. ಬದಲಾಗದೆ ಹಾಡಿನ ಪರದೆಯೇ ನಿಂತಿದ್ದರೆ ಕಥೆ ಬೇರೆ ಇರುತ್ತಿತ್ತು. ಆಗ ಮೊದಲು ಕೆಳಗಿಳಿದು ರಿವರ್ಸ್ ದೀಪ ಉರಿಯುತ್ತಿದೆಯಾ ನೋಡಬೇಕು. ದೀಪವೂ ಇಲ್ಲ ಅಂದರೆ ಫ್ಯೂಸ್ ಅಥವಾ ಗೇರ್‌ಬಾಕ್ಸ್‌ನ ರಿವರ್ಸ್ ಸ್ವಿಚ್ ಕೈಕೊಟ್ಟಿರುವ ಸಾಧ್ಯತೆ ಜಾಸ್ತಿ, ಪಾಪ ಕ್ಯಾಮೆರಾದ ತಪ್ಪೇನೂ ಇಲ್ಲ.

ಇನ್ನು ಆ ಗೆರೆಗಳು. ಕೆಲವು ಗಾಡಿಗಳಲ್ಲಿ ಅದನ್ನು ಸ್ಕ್ರೀನ್ ಎಳೆಯುತ್ತದೆ, ಕೆಲವದರಲ್ಲಿ ಕ್ಯಾಮೆರಾ. ಸೆಟ್ಟಿಂಗ್ಸ್‌ಗೆ ಹೋಗಿ ಗೆರೆ ಆಫ್ ಮಾಡಿ ನೋಡಿ. ಹೋದರೆ ಅದು ಸ್ಕ್ರೀನಿನ ಗೆರೆ, ಕ್ಯಾಮೆರಾ ಬದುಕಿದೆಯಾ ಅಂತ ಅದರಿಂದ ಗೊತ್ತಾಗುವುದಿಲ್ಲ.

ಈಗ ಡಿಕ್ಕಿ ಬಾಗಿಲನ್ನು ಎತ್ತಿ. ಮೇಲೆ ಕೀಲಿನ ಹತ್ತಿರ, ಬಾಡಿಯಿಂದ ಬಾಗಿಲಿಗೆ ಹೋಗುವ ಸುಕ್ಕುಸುಕ್ಕಾದ ಕಪ್ಪು ರಬ್ಬರ್ ಕೊಳವೆ ಕಾಣುತ್ತದೆ. ವೈರುಗಳೆಲ್ಲ ಅದರೊಳಗಿಂದಲೇ ಹಾಯ್ದು ಹೋಗುವುದು. ಬಾಗಿಲು ತೆರೆದು ಮುಚ್ಚಿದಷ್ಟು ಸಲವೂ ಅವು ಅದೇ ಜಾಗದಲ್ಲಿ ಮಡಚುತ್ತವೆ, ಕೊನೆಗೆ ಒಳಗಿನ ತಾಮ್ರ ಕಡಿಯುತ್ತದೆ. ಮೋಸ ಏನಪ್ಪಾ ಅಂದ್ರೆ, ಮೇಲಿನ ಪ್ಲಾಸ್ಟಿಕ್ ಹೊದಿಕೆ ಎಷ್ಟೋ ಸಲ ಹೊಸದರ ಹಾಗೇ ಇರುತ್ತದೆ. ರಬ್ಬರಿನ ಒಂದು ತುದಿ ಬಿಡಿಸಿ, ಒಂದೊಂದೇ ವೈರನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ತಾಮ್ರ ತುಂಡಾದ ಕಡೆ ಹೊದಿಕೆ ಮೆತ್ತಗಾಗಿ ಜಗ್ಗುತ್ತದೆ, ಕೈಗೇ ಗೊತ್ತಾಗುತ್ತದೆ.

ಖಾತ್ರಿಯಾಗಬೇಕಾದರೆ ಹೀಗೆ ಮಾಡಿ. ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಶುರು ಮಾಡದೆ ಕೀ ಮಾತ್ರ ಆನ್ ಮಾಡಿ, ರಿವರ್ಸ್ ಗೇರಿಗೆ ತನ್ನಿ. ಒಬ್ಬರು ಸ್ಕ್ರೀನ್ ನೋಡಲಿ, ಇನ್ನೊಬ್ಬರು ಆ ಕೊಳವೆಯನ್ನು ಅತ್ತಿತ್ತ ಅಲ್ಲಾಡಿಸಲಿ. ಚಿತ್ರ ಮಿನುಗಿದರೆ ಕಳ್ಳ ಸಿಕ್ಕಿದ ಹಾಗೆ. ಮಿನುಗದಿದ್ದರೆ ಕ್ಯಾಮೆರಾದ ಪ್ಲಗ್ಗಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ, 12 ವೋಲ್ಟ್ ಆಸುಪಾಸು ಬರಬೇಕು. ಬರುತ್ತಿದೆ, ಆದರೂ ಚಿತ್ರ ಇಲ್ಲ ಅಂದರೆ ಉಳಿದಿದ್ದು ಎರಡೇ, ಉದ್ದದ ಕೇಬಲ್ ಇಲ್ಲವೇ ಕ್ಯಾಮೆರಾ. ಅದನ್ನೂ ಬಗೆಹರಿಸಬಹುದು: ಕ್ಯಾಮೆರಾವನ್ನು ಬಿಚ್ಚಿ ಮುಂದೆ ತಂದು, ಅಲ್ಲೇ ಫ್ಯೂಸ್ ಇರುವ 12 ವೋಲ್ಟ್ ಲೈನಿನಿಂದ ಕರೆಂಟು ಕೊಟ್ಟು, ಸ್ಕ್ರೀನಿನ ಹಿಂದಿನ ಹಳದಿ ಸಾಕೆಟ್‌ಗೆ ನೇರವಾಗಿ ಚುಚ್ಚಿ ರಿವರ್ಸ್ ಹಾಕಿ. ಚಿತ್ರ ಬಂದರೆ ನಿಮ್ಮ ಕ್ಯಾಮೆರಾ ಗಟ್ಟಿಮುಟ್ಟಾಗಿದೆ. ಇಷ್ಟೆಲ್ಲ ನಮ್ಮ ಕೈಲಾಗಲ್ಲ ಅನ್ನಿಸಿದರೆ ಆಟೋ ಎಲೆಕ್ಟ್ರೀಷಿಯನ್‌ಗೆ ಈ ಮಾತನ್ನೇ ಹೇಳಿ, ಮಾಡಿ ತೋರಿಸಲಿ.

ಕರೆಂಟಿನ ವೈರು ತುಂಡಾಗಿದ್ದರೆ ಮೃದುವಾದ ವೈರಿನ ತುಂಡು ಸೇರಿಸಿ ಬೆಸುಗೆ ಹಾಕಿಸಿ. ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಬಹಳ ದಿನ ಬರಲ್ಲ. ಬೆಸುಗೆ ಮಡಚುವ ಜಾಗದಲ್ಲಿ ಬರದೆ ಸ್ವಲ್ಪ ಆಚೆ ಬರಲಿ, ವೈರು ಸಡಿಲವಾಗಿರಲಿ. ಚಿತ್ರದ ಕೇಬಲ್ಲೇ ಹೋಗಿದ್ದರೆ ಅದನ್ನು ನಡುವೆ ಜೋಡಿಸುವ ಗೋಜಿಗೆ ಹೋಗಬೇಡಿ, ಪೂರ್ತಿ ಕೇಬಲ್ ಬದಲಿಸಿ. ಜೋಡಿಸಿದ ಕಡೆ ಒಳಗಿನ ಜಾಲರಿ ಸರಿಯಾಗಿ ಕೂಡದಿದ್ದರೆ ಚಿತ್ರದಲ್ಲಿ ಗೆರೆ, ಮಚ್ಚೆ ಶುರುವಾಗುತ್ತದೆ.

ಪ್ರಶ್ನೆ: ಹೊಸ ಕ್ಯಾಮೆರಾ ಹಾಕಿಸಿದೆ. ಎಡಗಡೆ ಇರುವ ಗೋಡೆ ಸ್ಕ್ರೀನಿನಲ್ಲಿ ಬಲಗಡೆ ಕಾಣುತ್ತದೆ. ವಾಪಸ್ ಕೊಡಲಾ?

ಉತ್ತರ: ಕೊಡಬೇಡಿ, ಆದರೆ ಸರಿಯಾಗುವವರೆಗೆ ಅದನ್ನು ನಂಬಿ ರಿವರ್ಸ್ ತೆಗೆಯಲೂ ಬೇಡಿ. ಮೊದಲು ಸ್ಕ್ರೀನಿನ ಸೆಟ್ಟಿಂಗ್ಸ್‌ನಲ್ಲಿ ‘ಮಿರರ್’ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಕ್ಯಾಮೆರಾದ ವೈರಿನಲ್ಲಿ ಉಂಗುರದ ಹಾಗೆ ಬಾಗಿದ ಒಂದೆರಡು ಸಣ್ಣ ತಂತಿಗಳು ಇರಬಹುದು. ಒಂದನ್ನು ಕತ್ತರಿಸಿದರೆ ಎಡ-ಬಲ ಬದಲಾಗುತ್ತದೆ, ಇನ್ನೊಂದನ್ನು ಕತ್ತರಿಸಿದರೆ ಗೆರೆ ಹೋಗುತ್ತದೆ. ಯಾವ ಬಣ್ಣಕ್ಕೆ ಯಾವ ಕೆಲಸ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ, ಡಬ್ಬಿಯೊಳಗಿನ ಚೀಟಿ ಓದಿಯೇ ಕತ್ತರಿ ಹಿಡಿಯಿರಿ.

ಪ್ರಶ್ನೆ: ಕಂಪನಿಯಿಂದಲೇ ಬಂದ ಕ್ಯಾಮೆರಾ. ಒರೆಸಿದರೂ ಮಂಜು ಮಂಜು.

ಉತ್ತರ: ಮಂಜು ಲೆನ್ಸಿನ ಒಳಗಿದ್ದರೆ ಎಷ್ಟು ಒರೆಸಿದರೂ ಅಷ್ಟೇ, ಸೀಲ್ ಹೋಗಿ ನೀರು ಒಳಗೆ ಸೇರಿರುತ್ತದೆ. ಬಿಚ್ಚಬೇಡಿ. ವಾರಂಟಿ ಇನ್ನೂ ಇದ್ದರೆ ಸರ್ವೀಸ್ ಸೆಂಟರ್‌ಗೆ ಒಯ್ಯಿರಿ, ಬಿಚ್ಚಿದ ಗುರುತು ಕಂಡರೆ ಅವರು ತಕರಾರು ತೆಗೆಯಬಹುದು.